ಕರಾಳ ಕಥೆಯನ್ನು ಯಾರ ಕಣ್ಣಿನಿಂದ ಹೇಳಬೇಕು?

ದಾರುಣವಾದ ಕಥೆಯನ್ನು ಬರೆಯಲು ಕುಳಿತವರು ಸಾಮಾನ್ಯವಾಗಿ ಘಟನೆಯನ್ನು ಮೊದಲು ಹುಡುಕಿ, ಅದನ್ನು ಯಾರು ಕಂಡರು ಎಂಬುದನ್ನು ಕೊನೆಗೆ ಯೋಚಿಸುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳುವುದು ಒಳ್ಳೆಯದು. ಓದುಗನ ಮರುಕ ಯಾರ ಕಡೆ ಹರಿಯಬೇಕೆಂಬುದನ್ನು ನಿರೂಪಕ ನಿಂತಿರುವ ಜಾಗವೇ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಮಂಡ್ಯದ ಸೀಮೆಯ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರಿಲ್ಲ, ಕಬ್ಬು ಒಣಗಿದೆ, ಮುಂಗಡ ಕೇಳಲು ಆಲೆಮನೆಗೆ ಬಂದ ರೈತನೊಬ್ಬ ಬರಿಗೈಯಲ್ಲಿ ಹಿಂತಿರುಗಿ ಆ ರಾತ್ರಿಯೇ ಸಾಯುತ್ತಾನೆ. ಎಲ್ಲವನ್ನೂ ಬಲ್ಲ ನಿರೂಪಕನು ‘ಕಲ್ಲುಮನಸ್ಸಿನ ಮಾಲೀಕನಿಗೆ ಅವನ ಸಂಕಟ ಕಾಣಲಿಲ್ಲ’ ಎಂದು ಬರೆದರೆ ತೀರ್ಪು ಅಲ್ಲಿಗೇ ಮುಗಿಯಿತು, ಓದುಗನಿಗೆ ತಲೆದೂಗುವುದಷ್ಟೇ ಉಳಿಯಿತು. ಅದನ್ನೇ ಮಾಲೀಕನ ಬಾಯಲ್ಲಿ ಹೇಳಿಸಿ ನೋಡಿ:

‘ನಾನೇನು ಇಲ್ಲ ಅನ್ನಲಿಲ್ಲ ಕಣಪ್ಪ. ಈ ಕೊಪ್ಪರಿಗೆ ಇಳೀಲಿ, ನಾಳೆ ಬಾ ಅಂದೆ. ಟೀನೂ ತರಿಸ್ದೆ. ಅವ್ನು ಹೋದ್ಮೇಲೆ ನೋಡ್ತೀನಿ, ಲೋಟ ಹಂಗೇ ಅದೆ, ಕೆನೆ ಕಟ್ಬುಟ್ಟದೆ.’

ಇವನು ಸುಳ್ಳು ಹೇಳುತ್ತಿಲ್ಲ. ‘ನಾಳೆ ಬಾ’ ಎಂಬುದು ನಾವೂ ಹೇಳಬಹುದಾದ ಮಾತಾದ್ದರಿಂದ ಓದುಗನು ಮೊದಲು ಅವನೊಡನೆ ಒಪ್ಪುತ್ತಾನೆ, ಕೆನೆಗಟ್ಟಿದ ಲೋಟಕ್ಕೆ ಬಂದಾಗ ಹಾಗೆ ಒಪ್ಪಿದ್ದಕ್ಕೇ ನಾಚುತ್ತಾನೆ. ಆದ್ದರಿಂದ ನಿರೂಪಕನ ಸಮರ್ಥನೆಯನ್ನು ಗಟ್ಟಿಯಾಗಿಯೇ ಕಟ್ಟಿಕೊಡಬೇಕು. ಅದು ಪೊಳ್ಳಾಗಿದ್ದರೆ ಅವನು ಖಳನಾಗಿಬಿಡುತ್ತಾನೆ, ಖಳನಿಂದ ದೂರ ನಿಲ್ಲುವುದು ಯಾರಿಗೂ ಕಷ್ಟವಲ್ಲ. (ನಮ್ಮ ವ್ಯಾಕರಣವು ‘ನಾನು’ ಎಂಬುದನ್ನು ಉತ್ತಮ ಪುರುಷವೆಂದು ಕರೆದಿರುವುದು ಇಂಥ ಕಥೆಗಳ ಮಟ್ಟಿಗೆ ವ್ಯಂಗ್ಯವೇ ಸರಿ.) ತಿದ್ದುವಾಗ ‘ಪಾಪ’, ‘ಅಯ್ಯೋ’ಗಳನ್ನು ತೆಗೆದುಹಾಕಿ.

ಈ ವಿಧಾನದಲ್ಲಿ ಒಂದು ಅಪಾಯವೂ ಇದೆ. ಮಾತೆಲ್ಲ ಮಾಲೀಕನದೇ ಆದಾಗ ಸತ್ತವನು ಅವನ ಪಶ್ಚಾತ್ತಾಪಕ್ಕೆ ಒದಗಿದ ನೆಪವಾಗಿಬಿಡಬಹುದು. ಅದಕ್ಕಾಗಿ ನಿರೂಪಕನಿಗೆ ಅರ್ಥವಾಗದ ಒಂದು ಕ್ರಿಯೆಯನ್ನು ಆ ರೈತನಿಗೆ ಉಳಿಸಿಕೊಡಿ: ಹೊರಡುವ ಮುನ್ನ ಅವನು ಯಾರೂ ಹೇಳದೆಯೇ ಒಲೆಯ ಬಾಯಿಗೆ ಒಂದಿಷ್ಟು ಒಣಗಿದ ಕಬ್ಬಿನ ಸಿಪ್ಪೆಯನ್ನು ನೂಕಿ ಹೋಗಲಿ. ಏಕೆಂದು ಮಾಲೀಕನಿಗೂ ತಿಳಿಯದಿರಲಿ, ನೀವೂ ವಿವರಿಸಬೇಡಿ.

ಮನುಷ್ಯರಲ್ಲಿ ಯಾರ ಸಾಕ್ಷ್ಯವೂ ಸಾಲದೆಂದು ತೋರಿದರೆ, ನಂಜನಗೂಡಿನ ಕಡೆಯ ಆಡುಮಾತಿನಲ್ಲಿ ದೇವನೂರ ಮಹಾದೇವ ಅವರು ಬರೆದ ‘ಕುಸುಮಬಾಲೆ’ ಕಾದಂಬರಿಯನ್ನು ಗಮನಿಸಿ. ಅಲ್ಲಿ ಮನೆಮನೆಯ ದೀಪಗಳು ಜೋತಮ್ಮರಾಗಿ ಇರುಳಿನಲ್ಲಿ ಒಂದೆಡೆ ಸೇರಿ, ತಾವು ಕಂಡದ್ದನ್ನು ಮಾತಾಡಿಕೊಳ್ಳುತ್ತವೆ. ದೀಪಕ್ಕೆ ಮನೆಯ ಒಳಗು ಕಾಣುತ್ತದೆ, ತಡೆಯಲು ಮಾತ್ರ ಕೈಯಿಲ್ಲ. ಓದುಗನ ಸ್ಥಿತಿಯೂ ಅದೇ.

ಕೊನೆಯದಾಗಿ ಕ್ರಿಯಾಪದಗಳ ಮೇಲೆ ಕಣ್ಣಿಡಿ. ಸಂತೆಯಲ್ಲಿ ‘ಅವ್ನು ಬಂದಿದ್ದ’ ಎನ್ನುವ ಮಾಲೀಕನೇ ಸತ್ತವನ ಹೆಂಡತಿಯ ಎದುರು ‘ಬಂದಿದ್ರು ಕಣಮ್ಮ’ ಎಂದರೆ, ಬದುಕಿದ್ದಾಗ ಕೊಡದ ಮರ್ಯಾದೆ ಆ ಒಂದು ಪ್ರತ್ಯಯದಲ್ಲಿ ಹೊರಬೀಳುತ್ತದೆ, ತಪ್ಪೊಪ್ಪಿಗೆಯನ್ನು ಬೇರೆಯಾಗಿ ಬರೆಯಬೇಕಾಗುವುದಿಲ್ಲ.