ಸುಮ್ನೆ ಇಟ್ಟ ಸೆಲ್ ಯಾಕೆ ಊದಿಕೊಂಡಿತು?

ಮೈಸೂರಿನ ನಮ್ಮ ಲ್ಯಾಬಿನಲ್ಲಿ ನಾನು ನೀರಿನ ಸತು (ಜಿಂಕ್) ಬ್ಯಾಟರಿ ಮಾಡುತ್ತೇನೆ. ಒಂದು ಕಡೆ ಸತುವಿನ ಹಾಳೆ, ಇನ್ನೊಂದು ಕಡೆ ಮ್ಯಾಂಗನೀಸ್ ಡೈಆಕ್ಸೈಡ್, ನಡುವೆ ಜಿಂಕ್ ಸಲ್ಫೇಟ್ ನೀರಲ್ಲಿ ನೆನೆದ ಗಾಜಿನ ನಾರಿನ ಹಾಳೆ, ಅಷ್ಟೇ. ಲಿಥಿಯಂ ಸೆಲ್ಲಿನ ಹಾಗೆ ಬೆಂಕಿ ಹತ್ತುವ ದ್ರವ ಇಲ್ಲ. ಜಿಂಕ್ ಸಲ್ಫೇಟ್ ಅಂದರೆ ಮಂಡ್ಯದಲ್ಲಿ ನಮ್ಮಪ್ಪ ಭತ್ತದ ಗದ್ದೆಗೆ ಹಾಕುತ್ತಾರಲ್ಲ, ಅದೇ.

ಮೊದಲು ಮ್ಯಾಂಗನೀಸ್ ನೀರಿಗೆ ಕರಗಿ ಸೆಲ್ ಬೇಗ ಸೋಲುತ್ತಿತ್ತು. ನೀರಿಗೆ ಮೊದಲೇ ಸ್ವಲ್ಪ ಮ್ಯಾಂಗನೀಸ್ ಸಲ್ಫೇಟ್ ಸೇರಿಸಿದರೆ ಈ ಕರಗುವುದು ಕಡಿಮೆಯಾಗುತ್ತದೆ ಎಂದು 2016ರಲ್ಲೇ ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ಲ್ಯಾಬಿನವರು ತೋರಿಸಿದ್ದರು. ನಾನೂ 2 ಮೋಲಾರ್ (ನೀರು ಎಷ್ಟು ಗಾಢ ಎನ್ನುವ ಅಳತೆ) ಜಿಂಕ್ ಸಲ್ಫೇಟಿಗೆ 0.1 ಮೋಲಾರ್ ಮ್ಯಾಂಗನೀಸ್ ಸಲ್ಫೇಟ್ ಸೇರಿಸಿದೆ. ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಗ್ರಾಫ್ ಇಳಿಯದೆ ನೆಟ್ಟಗಾಯಿತು. ತುಂಬಾ ಖುಷಿಯಾಗಿತ್ತು.

ಆಮೇಲೆ ಒಂದು ಬೇಸಿಗೆ ಶನಿವಾರ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು, ಪೂರ್ತಿ ಚಾರ್ಜ್ ಆಗಿದ್ದ ಸೆಲ್‌ಗಳು ಸೋಮವಾರದವರೆಗೆ ಹಾಗೇ ಕೂತಿದ್ದವು. ಬಂದು ನೋಡಿದರೆ ಎರಡು ಸೆಲ್ ಊದಿಕೊಂಡಿವೆ! ಉಳಿದವುಗಳಲ್ಲೂ ಚಾರ್ಜ್ ಇಳಿದಿದೆ. ಬಿಚ್ಚಿದೆ. ಸತುವಿನ ಮೇಲೆಲ್ಲ ಬಿಳಿ ಹೊಪ್ಪಳಿಕೆ.

ಓಡದೆ ಸುಮ್ನೆ ಕೂತ ಸೆಲ್ ಹಾಳಾಗಿದ್ದು ಹೇಗೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಸೆಲ್ಲಿನ ಒಳಗಿನ ನೀರು ಸ್ವಲ್ಪ ಹುಳಿ, ಪಿಎಚ್ ಸುಮಾರು 4. ಸತುವಿನ ವೋಲ್ಟೇಜ್ ಹೈಡ್ರೋಜನ್‌ಗಿಂತ 0.76 ವೋಲ್ಟ್ ಕೆಳಗಿದೆ, ಹಾಗಾಗಿ ಸತು ತಾನಾಗೇ ಕರಗುತ್ತಾ ಹೈಡ್ರೋಜನ್ ಅನಿಲ ಬಿಡುತ್ತದೆ, ಸೆಲ್ ಊದುವುದು ಅದರಿಂದ. ಆ ಜಾಗದಲ್ಲಿ ಹುಳಿ ಕಡಿಮೆಯಾಗಿ ಜಿಂಕ್ ಹೈಡ್ರಾಕ್ಸೈಡ್ ಸಲ್ಫೇಟ್ ಬಿಳಿಯಾಗಿ ಕೂರುತ್ತದೆ. ಬಿಳಿ ಪದರ ಕೂತ ಕಡೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಚಾರ್ಜ್ ಮಾಡುವಾಗ ಉಳಿದ ಕಡೆಯೇ ಸತು ಜಾಸ್ತಿ ಕೂತು ಮುಳ್ಳಿನ ಹಾಗೆ ಬೆಳೆಯುತ್ತದೆ. ಅದು ನಡುವಿನ ಹಾಳೆಯನ್ನು ತೂರಿದರೆ ಶಾರ್ಟ್.

ಇಷ್ಟು ದಿನ ಇದು ಕಾಣದೇ ಇದ್ದದ್ದು ನನ್ನ ಪರೀಕ್ಷೆಯ ತಪ್ಪು. ನಿಮಿಷಗಳಲ್ಲಿ ಚಾರ್ಜ್, ನಿಮಿಷಗಳಲ್ಲಿ ಡಿಸ್ಚಾರ್ಜ್ ಮಾಡಿಸುತ್ತಿದ್ದೆ, ಸತು ಕರಗಲು ಸಮಯವೇ ಸಿಗುತ್ತಿರಲಿಲ್ಲ. ಮೇಲಾಗಿ ಸತುವಿನ ಹಾಳೆ ದಪ್ಪ. ಒಂದು ಗ್ರಾಂ ಸತುವಿಗೆ 820 ಮಿಲಿಆಂಪ್ ಅವರ್ (ಚಾರ್ಜಿನ ಅಳತೆ) ಲೆಕ್ಕ, ನಾನು ಬಳಸುತ್ತಿದ್ದದ್ದು ಅದರಲ್ಲಿ ಚೂರೇ ಚೂರು, ಹಾಗಾಗಿ ಎಷ್ಟು ಹಾಳಾದರೂ ಗ್ರಾಫಿನಲ್ಲಿ ಗೊತ್ತಾಗುತ್ತಿರಲಿಲ್ಲ. ಆದರೆ ಮನೆ ಸೋಲಾರಿಗೆ ಹಾಕಿದರೆ ಬ್ಯಾಟರಿ ಗಂಟೆಗಟ್ಟಲೆ ಚಾರ್ಜ್ ಆಗಿಯೇ ಕೂರಬೇಕು ಅಲ್ವಾ?

ಈಗ ತೆಳು ಸತುವಿನ ಹಾಳೆ ಹಾಕುತ್ತೇನೆ, ನಿಧಾನವಾಗಿ ಓಡಿಸುತ್ತೇನೆ, ಪ್ರತಿ ಹತ್ತು ಚಾರ್ಜ್-ಡಿಸ್ಚಾರ್ಜ್ ಸುತ್ತಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ ಎರಡು ದಿನ ಹಾಗೇ ಬಿಡುತ್ತೇನೆ. ಅಡುಗೆಮನೆಯ ಚೈನಾ ಗ್ರಾಸ್, ಅದೇ ಅಗರ್, ಸೇರಿಸಿ ನೀರನ್ನು ಗಟ್ಟಿ ಮಾಡಿ ನೋಡಿದೆ. ಊದುವುದು ಕಡಿಮೆಯಾಗಿದೆ, ನಿಂತಿಲ್ಲ. ಈ ವಾರ ಬಿಚ್ಚಿದ ಅಗರ್ ಸೆಲ್ಲಿನಲ್ಲೂ ಹಾಳೆಯ ಅಂಚಿನಲ್ಲಿ ಬಿಳಿ ಇತ್ತು, ನಡುವೆ ಮಾತ್ರ ಸತು ಹೊಳೆಯುತ್ತಿತ್ತು.