ಸಲಹೆ ಕೊಡುವುದನ್ನು ಬಿಡಲು ಎಂಟು ತಿಂಗಳು

2009ರಲ್ಲಿ ನಾನು ಕೋಲಾರದ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತಿದ್ದೆ. ರಜೆಯಲ್ಲಿ ನಾಯಕತ್ವ ತರಬೇತಿ ಕೊಡಲು ಹೋಗುತ್ತಿದ್ದೆ. ಡೇರಿ ಕಾರ್ಯದರ್ಶಿಗಳು, ಹೆಡ್‌ಮಾಸ್ಟರುಗಳು, ಸ್ತ್ರೀಶಕ್ತಿ ಸಂಘದವರು ಬರುತ್ತಿದ್ದರು. ಎರಡು ದಿನ ಸ್ಲೈಡ್ ಹಾಕಿ ಮಾತಾಡಿ ಬರುತ್ತಿದ್ದೆ. ಒಂದು ದಿನ ಹಳೇ ತರಬೇತಿಯ ಕಾರ್ಯದರ್ಶಿಯೊಬ್ಬರು ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. "ಅವತ್ತು ನೀವು ಹೇಳಿದ್ದೆಲ್ಲ ಚೆನ್ನಾಗಿತ್ತು ಸಾರ್. ಆದ್ರೆ ನಮ್ಮ ಡೇರಿ ಜಗಳಾನೇ ಬೇರೆ ಥರ" ಅಂದರು. ಆ ಮಾತು ಬಹಳ ದಿನ ಕಾಡಿತು.

ಆಗಲೇ ನಾನು ರೆಗ್ ರೆವಾನ್ಸ್ ಅವರ ಬಗ್ಗೆ ಓದಲು ಶುರು ಮಾಡಿದ್ದು. 1907ರಲ್ಲಿ ಹುಟ್ಟಿದ ಇಂಗ್ಲೆಂಡಿನ ಭೌತವಿಜ್ಞಾನಿ. 1928ರ ಒಲಿಂಪಿಕ್ಸ್‌ನಲ್ಲಿ ಉದ್ದ ಜಿಗಿತಕ್ಕೆ ಇಳಿದಿದ್ದರು. ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳು ಕೂತು, ತಮಗೆ ಏನು ಅರ್ಥವಾಗುತ್ತಿಲ್ಲ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ಕಂಡಿದ್ದರು. ಆಮೇಲೆ ಬ್ರಿಟನ್ನಿನ ಕಲ್ಲಿದ್ದಲು ಮಂಡಳಿ ಸೇರಿದರು. ಗಣಿ ಮ್ಯಾನೇಜರುಗಳಿಗೆ ಹೊರಗಿನವರ ಪಾಠ ಬೇಡ, ಒಬ್ಬರ ಕಷ್ಟದಿಂದ ಇನ್ನೊಬ್ಬರು ಕಲಿಯಲಿ ಅಂದರು. 1955ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪ್ರೊಫೆಸರ್ ಆದರು. ಅವರು ಕಟ್ಟಿದ ಕ್ರಮಕ್ಕೆ ಆಕ್ಷನ್ ಲರ್ನಿಂಗ್ ಅಂತ ಹೆಸರು. ಅವರ ಸೂತ್ರವನ್ನು ನಾನು ಕನ್ನಡದಲ್ಲಿ ಹೀಗೆ ಬರೆದುಕೊಂಡೆ: ಕಲಿಕೆ ಅಂದರೆ ಪಾಠ ಮತ್ತು ಪ್ರಶ್ನೆ, ಎರಡೂ ಕೂಡಿದ್ದು.

ಗಣಿಯ ಮಾತು ನನಗೆ ಮನೆಯ ಮಾತೇ. ನಮ್ಮಪ್ಪ ಬೇತಮಂಗಲದಿಂದ ಕೆಜಿಎಫ್‌ಗೆ ಕೆಲಸಕ್ಕೆ ಹೋಗುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯ ಕಾರ್ಮಿಕ ಬಂಡೆಗೆ ತಟ್ಟಿ, "ಏನು ಕೇಳಿಸ್ತು ಹೇಳು" ಅಂತಿದ್ದರಂತೆ. ಉತ್ತರ ಹೇಳಿಕೊಡುತ್ತಿರಲಿಲ್ಲವಂತೆ. 2001ರಲ್ಲಿ ಗಣಿ ಮುಚ್ಚಿತು. ಆದರೂ ಅಪ್ಪ ಇದನ್ನು ಎಷ್ಟೋ ಸಲ ಹೇಳಿದ್ದಾರೆ.

ಆರು ಜನರ ಒಂದು ಕೂಟ ಮಾಡಿದೆ. ಇಬ್ಬರು ಡೇರಿ ಕಾರ್ಯದರ್ಶಿಗಳು, ಒಬ್ಬ ಹೆಡ್‌ಮಾಸ್ಟರ್, ಗೂಡಿನಿಂದ ನೂಲು ತೆಗೆಯುವ ಶಿಡ್ಲಘಟ್ಟದ ಒಬ್ಬ ರೇಷ್ಮೆ ರೀಲರ್, ಒಬ್ಬ ಟೊಮೆಟೊ ಮಂಡಿಯವರು, ಸ್ತ್ರೀಶಕ್ತಿ ಸಂಘದ ಒಬ್ಬ ಅಕ್ಕ. ಬೇರೆ ಬೇರೆ ಕಸುಬಿನವರು ಇರಲಿ ಅಂತ ಬೇಕೆಂದೇ ಕರೆದಿದ್ದೆ. ಹದಿನೈದು ದಿನಕ್ಕೊಮ್ಮೆ ಕೂರುತ್ತಿದ್ದೆವು. ಒಬ್ಬರು ತಮ್ಮ ನಿಜವಾದ ಸಮಸ್ಯೆ ಹೇಳಬೇಕು. ಉಳಿದವರು ಪ್ರಶ್ನೆ ಮಾತ್ರ ಕೇಳಬೇಕು. ಕೊನೆಗೆ ಸಮಸ್ಯೆ ತಂದವರು ಮುಂದಿನ ಸಲದೊಳಗೆ ಏನು ಮಾಡುತ್ತೇನೆ ಅಂತ ಹೇಳಿ ಹೋಗಬೇಕು, ಮಾಡಿಕೊಂಡೇ ಬರಬೇಕು.

ಮೊದಲ ಕೂಟ ಕೆಟ್ಟಿತು, ಕೆಡಿಸಿದವನು ನಾನೇ. ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದು, ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಸಲಹೆ ಅಂತ ಗುರುತು ಹಾಕುತ್ತಾ ಹೋಗಿದ್ದೆ. ಮನೆಗೆ ಬಂದು ಎಣಿಸಿದರೆ ನಾನು ಕೇಳಿದ ಪ್ರಶ್ನೆ ನಾಲ್ಕು, ಕೊಟ್ಟ ಸಲಹೆ ಹತ್ತೊಂಬತ್ತು. "ನೀವು ಹೀಗೆ ಮಾಡಿ ನೋಡಬಾರದಾ?" ಅನ್ನುವುದೂ ಸಲಹೆಯೇ, ಕೊನೆಯಲ್ಲಿ ಪ್ರಶ್ನೆ ಚಿಹ್ನೆ ಇದ್ದ ಮಾತ್ರಕ್ಕೆ ಪ್ರಶ್ನೆ ಆಗಲ್ಲ. ಸಲಹೆ ಕಡೆಯ ಲೆಕ್ಕ ಸೊನ್ನೆಗೆ ಇಳಿಯಲು ಎಂಟು ತಿಂಗಳು ಹಿಡಿಯಿತು.

ಐದನೇ ಕೂಟದಲ್ಲಿ ಮುಳಬಾಗಿಲು ಕಡೆಯ ಡೇರಿ ಕಾರ್ಯದರ್ಶಿ, ಒಬ್ಬ ಹೆಣ್ಣುಮಗಳು, ತಮ್ಮ ಕಷ್ಟ ಹೇಳಿದರು. ಆಗ ಅವರ ಡೇರಿಯಲ್ಲಿ ಹಾಲು ಪರೀಕ್ಷೆಯ ಯಂತ್ರ ಇರಲಿಲ್ಲ, ಹಾಲಿನಲ್ಲಿ ತೇಲಿಸಿ ಸಾಂದ್ರತೆ ನೋಡುವ ಲ್ಯಾಕ್ಟೋಮೀಟರೇ ಗತಿ. ಡೇರಿ ಪಕ್ಕದ ಮನೆಯವರ ಹಾಲು ದಿನಾ 26 ತೋರಿಸುತ್ತಿತ್ತು, ಇರಬೇಕಾದ್ದಕ್ಕಿಂತ ಕಡಿಮೆ. ನೀರು ಬೆರೆಸುತ್ತಾರೆ ಅಂತ ಊರೆಲ್ಲ ಮಾತು. ಇವರೂ ಎಲ್ಲರೆದುರು ಹಾಲು ವಾಪಸ್ ಕಳಿಸಿದ್ದರು. ಆ ಮನೆಯವರು ಮಾತು ಬಿಟ್ಟಿದ್ದರು.

ಎಲ್ಲರೂ ಜನರ ಬಗ್ಗೆಯೇ ಕೇಳುತ್ತಿದ್ದರು. ಯಾರು ಏನಂದರು, ಯಾರ ಪಾರ್ಟಿ ಯಾರು. ನನಗೂ ಸಂಧಾನದ ಬಗ್ಗೆ ಮಾತಾಡಲು ನಾಲಿಗೆ ತುದಿಗೆ ಬಂದಿತ್ತು. ಸುಮ್ಮನೆ ಕೂತೆ. ಆಗ ರೀಲರ್ ಕೇಳಿದರು: "ಅಕ್ಕಾ, ನಮ್ಮ ಬೇಸಿನ್‌ನಲ್ಲಿ ನೀರಿನ ಬಿಸಿ ಸ್ವಲ್ಪ ಆಚೀಚೆ ಆದ್ರೂ ನೂಲು ಕೆಡುತ್ತೆ. ನಿಮ್ಮ ಹಾಲು ಅಳೆಯುವಾಗ ಎಷ್ಟು ಬಿಸಿ ಇರುತ್ತೆ?"

ರೀಲರ್‌ಗೆ ಡೇರಿ ಬಗ್ಗೆ ಏನೂ ಗೊತ್ತಿರಲಿಲ್ಲ. ಕಾರ್ಯದರ್ಶಿ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಥರ್ಮಾಮೀಟರ್ ಒಡೆದು ವರ್ಷ ಆಯ್ತಣ್ಣ" ಅಂದರು.

ಹಾಲು ಬಿಸಿ ಇದ್ದಾಗ ಅದರ ಸಾಂದ್ರತೆ ಕಡಿಮೆ, ಲ್ಯಾಕ್ಟೋಮೀಟರ್ ಜಾಸ್ತಿ ಮುಳುಗಿ ಕಡಿಮೆ ಅಂಕೆ ತೋರಿಸುತ್ತದೆ. ಅದಕ್ಕೇ ಉಷ್ಣಾಂಶ ನೋಡಿ ಲೆಕ್ಕ ಸರಿಮಾಡಬೇಕು. ದೂರದ ಮನೆಯವರ ಹಾಲು ಬರುವಷ್ಟರಲ್ಲಿ ಆರಿರುತ್ತದೆ. ಪಕ್ಕದ ಮನೆಯದು ಕೆಚ್ಚಲಿನ ಬಿಸಿಯಲ್ಲೇ ಬಂದಿರುತ್ತದೆ. ಆಕೆಗೆ ಇದು ಗೊತ್ತಿಲ್ಲದ ವಿಷಯವೇನಲ್ಲ, ತರಬೇತಿಯಲ್ಲಿ ಕಲಿತಿದ್ದರು. ಪಾಠ ಇತ್ತು, ಪ್ರಶ್ನೆ ಇರಲಿಲ್ಲ.

ಮಾರನೇ ದಿನವೇ ಅವರು ಅದೇ ಹಾಲನ್ನು ಬಂದ ತಕ್ಷಣ ಒಮ್ಮೆ, ಚೆನ್ನಾಗಿ ಆರಿದ ಮೇಲೆ ಒಮ್ಮೆ ಅಳೆದರು. 26 ಇದ್ದದ್ದು 28ರ ಹತ್ತಿರ ಬಂತು. ಹೊಸ ಥರ್ಮಾಮೀಟರ್ ತಂದರು. ಹಿಂದೆ ಹಾಲು ವಾಪಸ್ ಕಳಿಸಿದ್ದ ಅದೇ ಹೊತ್ತಿಗೆ, ಕ್ಯಾನಿನ ಮುಂದೆ ಸಾಲು ನಿಂತಿದ್ದವರ ಎದುರೇ, "ತಪ್ಪು ನನ್ನದು" ಅಂತ ಹೇಳಿದರಂತೆ. ಇದನ್ನು ಮಾಡಿ ಅಂತ ನಾವು ಯಾರೂ ಹೇಳಿರಲಿಲ್ಲ. ನಾನು ಕಂಡ ನಾಯಕತ್ವದಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಈ ಕೂಟಗಳ ಮೇಲೆಯೇ ಪಿಎಚ್‌ಡಿ ಮಾಡಲು ಹೋದೆ. "ಸ್ಯಾಂಪಲ್ ಎಷ್ಟು?" ಅಂದರು ವಿಶ್ವವಿದ್ಯಾಲಯದವರು. ಆರು ಅಂದೆ. ಇನ್ನೂರು ಜನರಿಗೆ ಪ್ರಶ್ನಾವಳಿ ಹಂಚಿ, ಐದು ಅಂಕದ ಸ್ಕೇಲಿನಲ್ಲಿ ಉತ್ತರ ತನ್ನಿ ಅಂದರು. ಆ ಸ್ಕೇಲಿನಲ್ಲಿ ಒಡೆದ ಥರ್ಮಾಮೀಟರ್ ಎಲ್ಲಿ ಸಿಗುತ್ತದೆ? ಎರಡು ಸಲ ಅರ್ಜಿ ವಾಪಸ್ ಬಂತು. ಕೊನೆಗೆ ಇಂಥ ನಾಲ್ಕು ಗುಂಪುಗಳ ಕೂಟ ನಡೆಸಿ, ಪ್ರತಿ ಸಲದ ಪ್ರಶ್ನೆ, ಆಮೇಲೆ ಮಾಡಿದ ಕೆಲಸ, ಅದರ ಫಲ, ಎಲ್ಲ ದಾಖಲಿಸಿ ಕೊಟ್ಟೆ. ಏಳು ವರ್ಷ ಆಯಿತು. ಬಡ್ತಿ ತಡವಾಯಿತು, ಅದಕ್ಕೆ ಬೇಜಾರಿಲ್ಲ.

ಈಗ ಮಾಲೂರಿನಲ್ಲಿ ಹೆಡ್‌ಮಾಸ್ಟರುಗಳ ಕೂಟ ನಡೆಯುತ್ತಿದೆ. ಹೋದ ಸಲ ಒಬ್ಬರು ಏಳನೇ ತರಗತಿಯಲ್ಲಿ ಸೋಮವಾರ ಮಾತ್ರ ಹಾಜರಿ ಕಡಿಮೆ ಅಂತ ಹೇಳಿದರು. "ಬರದ ಮಕ್ಕಳ ಮನೆಗೆ ಸೋಮವಾರವೇ ಹೋಗಿದ್ದೀರಾ ಸಾರ್?" ಅಂತ ಪಕ್ಕದವರು ಕೇಳಿದರು. ಇಲ್ಲ ಅಂದರು. ಹೋಗಿ ಬರುತ್ತೇನೆ ಅಂದಿದ್ದಾರೆ. ಈ ಶನಿವಾರ ಮತ್ತೆ ಕೂರುತ್ತೇವೆ.