ಬತ್ತುವ ಕೆರೆಗೆ ವರ್ಷದ ಮರಿ: ನನ್ನ ಅನುಭವ

“ವರ್ಷಪೂರ್ತಿ ಅರೆಹೊಟ್ಟೆಯಲ್ಲಿಟ್ಟ ಮೀನುಮರಿ ಇನ್ನೇನು ಬೆಳೆಯುತ್ತೆ? ಸುಮ್ನೆ ದುಡ್ಡು ನೀರಿಗೆ ಹಾಕ್ತಿದ್ದೀಯ” ಅಂತ ಪಕ್ಕದ ಕೆರೆ ಗುತ್ತಿಗೆ ಹಿಡಿದವರು ನಕ್ಕಿದ್ದರು. ಈ ಮಾರ್ಚ್‌ನಲ್ಲಿ ಬಲೆ ಎಳೆದ ದಿನ ಅವರೇ ಬಂದು ತಕ್ಕಡಿ ಪಕ್ಕ ನಿಂತಿದ್ದರು.

ನಮ್ಮ ಬಯಲುಸೀಮೆ ಕೆರೆಗಳ ಹಣೆಬರಹ ನಿಮಗೆ ಗೊತ್ತೇ ಇದೆ. ಸೆಪ್ಟೆಂಬರ್‌ಗೆ ನೀರು, ಏಪ್ರಿಲ್‌ಗೆ ಕೆಸರು. ಗುತ್ತಿಗೆ ಹಣ ಮಾತ್ರ ಮಳೆ ಮುಖ ನೋಡುವುದಿಲ್ಲ. ನಂದು ಹತ್ತೆಕರೆಯಷ್ಟು ನೀರು ನಿಲ್ಲುವ ಪಂಚಾಯಿತಿ ಕೆರೆ, ವರ್ಷಕ್ಕೆ ಹೆಚ್ಚುಕಡಿಮೆ 40 ಸಾವಿರ. ಮೊದಲೆಲ್ಲ ಎಲ್ಲರಂತೆ ಎರಡಿಂಚಿನ ಮರಿಯನ್ನೇ ಇಪ್ಪತ್ತು ಸಾವಿರ ಬಿಡುತ್ತಿದ್ದೆ. ಅರ್ಧ, ಮರಿ ನುಂಗುವ ಕೊರವ ಮೀನಿನ ಹೊಟ್ಟೆಗೆ. ಉಳಿದದ್ದರಲ್ಲಿ ನೀರುಕಾಗೆಗಳ ಪಾಲು. ಬೆಳಗ್ಗೆ ಆರಕ್ಕೆ ಹೋದರೆ ಮುಳುಗಿದ ಜಾಲಿ ಮರದ ಮೇಲೆ ಸಾಲಾಗಿ ರೆಕ್ಕೆ ಒಣಗಿಸುತ್ತಾ ಕೂತಿರುತ್ತಿದ್ದವು. ಕೊನೆಗೆ ಸಿಕ್ಕಿದ್ದು 300 ಗ್ರಾಂ ಮೀನು, ಕೆಜಿಗೆ 70 ರೂಪಾಯಿ. ಮರಿ, ಬಲೆ, ಕಾವಲು, ಗುತ್ತಿಗೆ ಕಳೆದರೆ ಕೈಗೆ ಬಂದಿದ್ದು ಸೊನ್ನೆ. ಒಂದು ವರ್ಷ ಅದೂ ಇಲ್ಲ.

ಆಂಧ್ರದವರು ಮರಿಯನ್ನು ಅರೆಮೇವಿನಲ್ಲಿ ಕುಗ್ಗಿಸಿಟ್ಟು ಆಮೇಲೆ ದೊಡ್ಡ ನೀರಿಗೆ ಬಿಡುವುದು ಹೊಸದೇನಲ್ಲ. ನಾನು ಅದನ್ನೇ ನಮ್ಮ ಕೆರೆಗೆ ತಂದೆ. ಬೋರ್‌ವೆಲ್ ಪಕ್ಕ ಹತ್ತು ಗುಂಟೆ ಹೊಂಡ ಹೊಡೆಸಿದೆ. ಆಗಸ್ಟ್‌ನಲ್ಲಿ ಭದ್ರಾ ಅಣೆಕಟ್ಟೆಯ ಬಿ.ಆರ್. ಪ್ರಾಜೆಕ್ಟ್ ಕಡೆಯಿಂದ ಸುಮಾರು ಹತ್ತು ಸಾವಿರ ಮರಿ ತಂದು ಒತ್ತಾಗಿ ಬಿಟ್ಟೆ. ಜಾಸ್ತಿ ರೋಹು, ಸ್ವಲ್ಪ ಮೃಗಾಲ್. ಕಾಟ್ಲಾ ಇಕ್ಕಟ್ಟು ತಡೆಯುವುದಿಲ್ಲ, ಅದಕ್ಕೇ ಬೇರೆ ಮೂಲೆಗೆ ಬಲೆ ಕಟ್ಟಿದೆ. ತೌಡು, ಕಡಲೆಕಾಯಿ ಹಿಂಡಿ ಜೀವ ಹಿಡಿಯುವಷ್ಟೇ. ಮುಂದಿನ ಮಳೆಗೆ ಒಂದೊಂದೂ 80 ಗ್ರಾಂ ಆಸುಪಾಸು. ತಲೆ ದೊಡ್ಡದು, ಮೈ ಬಡಕಲು. ನೋಡಿದವರಿಗೆ ರೋಗದ ಮೀನು ಅನಿಸಬೇಕು, ಹಾಗಿತ್ತು.

ಹೊಂಡಕ್ಕೆ ಸಬ್ಸಿಡಿ ಕೇಳಲು ಹೋದದ್ದೇ ಒಂದು ಕಥೆ. ಕೇಂದ್ರದ ಮೀನುಗಾರಿಕೆ ಯೋಜನೆ ಪಿ.ಎಂ. ಮತ್ಸ್ಯ ಸಂಪದದಲ್ಲಿ ಆಗ ಸಾಮಾನ್ಯ ವರ್ಗಕ್ಕೆ 40%, ಮಹಿಳೆಯರಿಗೂ ಪರಿಶಿಷ್ಟರಿಗೂ 60% ಇತ್ತು. ಅರ್ಜಿ ಹೆಂಡತಿ ಹೆಸರಲ್ಲೇ ಹಾಕಿದೆವು. “ಒಂದು ವರ್ಷ ಮೀನೇ ಮಾರಲ್ಲ ಅಂದ್ರೆ ಆದಾಯದ ಕಾಲಂನಲ್ಲಿ ಏನಂತ ಬರೀಲಿ?” ಅಂತ ಕಚೇರಿಯವರು ಕೇಳಿದರು. ಫೈಲು ತಿಂಗಳುಗಟ್ಟಲೆ ಮೇಜು ಬಿಟ್ಟು ಏಳಲಿಲ್ಲ. ಮೊದಲು ದುಡ್ಡು ಕೈಯಿಂದ ಹಾಕಬೇಕು, ಸಬ್ಸಿಡಿ ಆಮೇಲೆ ಖಾತೆಗೆ. ಆ ನಡುವಿನ ಬಡ್ಡಿಯನ್ನು ಯಾವ ಯೋಜನೆಯೂ ಕೊಡುವುದಿಲ್ಲ, ಅಲ್ವಾ?

ಮಧ್ಯದಲ್ಲಿ ಒಂದಿಷ್ಟು ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಮೀನನ್ನೂ ಹೊಂಡಕ್ಕೆ ಹಾಕಿ ನೋಡಿದೆ. ಏರಿಯ ಬುಡವನ್ನೆಲ್ಲ ಮೂತಿಯಿಂದ ಕೆದಕಿ ಟೊಳ್ಳು ಮಾಡಿದವು. ತೆಗೆದು ಮಾರಿಬಿಟ್ಟೆ. ಹುಲ್ಲುಗೆಂಡೆ ಪರವಾಗಿಲ್ಲ, ನೇಪಿಯರ್ ಹುಲ್ಲು ಹಾಕಿದರೆ ಸಂಜೆಗೆ ಬರೀ ದಂಟು.

ಸೆಪ್ಟೆಂಬರ್ ಕೊನೆಗೆ ಕೆರೆಗೆ ಬಿಟ್ಟದ್ದು ಆರು ಸಾವಿರ. ಹಿಂದಿನ ದಿನ ಮೇವು ಬಂದ್, ಸಾಗಿಸುವುದು ಬೆಳಗಿನ ತಂಪಿನಲ್ಲಿ. ಅದಕ್ಕೂ ಮುಂಚಿನ ಹದಿನೈದು ದಿನ ಏನು ತಿನ್ನಿಸುತ್ತೇನೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ. ಈ ಗಾತ್ರದ ಮರಿಯನ್ನು ಕೊರವ ಸುಲಭಕ್ಕೆ ನುಂಗಲಾರದು. ಜಾಗ, ಮೇವು ಸಿಕ್ಕಿದ್ದೇ ತಡ, ಬಾಕಿ ಇದ್ದ ಬೆಳವಣಿಗೆಯನ್ನೆಲ್ಲ ಒಟ್ಟಿಗೇ ತೀರಿಸುತ್ತವೆ. ಮಾರ್ಚ್‌ಗೆ ಮುಕ್ಕಾಲು ಕೆಜಿಯಿಂದ ಒಂದು ಕೆಜಿ. ಒಟ್ಟು ಮೂರೂವರೆ ಟನ್ ಹತ್ತಿರ, ಕೆರೆ ಏರಿಯಲ್ಲೇ ಕೆಜಿಗೆ 110 ರೂಪಾಯಿಯಂತೆ ಹೋಯಿತು.

ಗುತ್ತಿಗೆ ಇನ್ನೊಂದು ವರ್ಷವಿದೆ. ಈಗ ಹರಾಜಿಗೆ ನಾನೂ ಇದ್ದೀನಿ ಅನ್ನುವವರು ಹೆಚ್ಚಾಗಿದ್ದಾರೆ. ಕೂಗಲಿ. ಕೆರೆ ಹೋದರೂ ಹೊಂಡ ನನ್ನದೇ. ಆಗ ಅವರಿಗೇ ವರ್ಷದ ಮರಿ ಮಾರುತ್ತೇನೆ.